ರಾತ್ರಿ ಏನು ಉಂಡಿತ್ತು ಕೂಸು?

'ಕಾರಣ ತಿಳಿದುಬಂದಿಲ್ಲ.' ಈ ಎರಡು ಮಾತು ಬರೆಯೋಕೆ ಎಷ್ಟು ಶಾಯಿ ಬೇಕು? ಒಂದು ತೊಟ್ಟು ಸಾಕು. ಆ ಒಂದು ತೊಟ್ಟು ಶಾಯಿಯಲ್ಲಿ ಈ ದೇಶ ನೂರಾರು ಮಕ್ಕಳನ್ನು ಹೂತುಹಾಕಿದೆ. ಆವೇಶಕ್ಕೆ ಹೇಳುತ್ತಿರುವ ಮಾತಲ್ಲ ಇದು. ಊರು, ವರ್ಷ, ಲೆಕ್ಕ ಎಲ್ಲ ಮುಂದಿಟ್ಟುಕೊಂಡೇ ನಾವು ಮಾತಾಡುತ್ತಿದ್ದೇವೆ.

ಊರು ಬಿಹಾರದ ಮುಜಫರಪುರ. ಲಿಚಿ ಹಣ್ಣಿಗೆ ಹೆಸರಾದ ಸೀಮೆ. 1995ರಿಂದ ಹಿಡಿದು ಬೇಸಿಗೆ ಬೇಸಿಗೆಗೂ, ಲಿಚಿ ಕೆಂಪಾಗುವ ಮೇ ತಿಂಗಳಲ್ಲಿ ಶುರುವಾಗಿ ಮಳೆ ಹಿಡಿಯುವ ತನಕ, ಅಲ್ಲಿನ ಹಳ್ಳಿಗಳಲ್ಲಿ ಮಕ್ಕಳು ಸಾಯುತ್ತಾ ಬಂದರು. ಸಾಯುವ ರೀತಿ ಹೆಚ್ಚುಕಡಿಮೆ ಒಂದೇ. ಹಿಂದಿನ ದಿನ ಹೊತ್ತು ಮುಳುಗೋ ತನಕ ಆಡಿಕೊಂಡಿದ್ದ ಕೂಸು. ರಾತ್ರಿ ಮಲಗುತ್ತೆ. ಬೆಳಗಿನ ಜಾವ, ಕೋಳಿ ಕೂಗೋ ಹೊತ್ತಿಗೆ, ಕಿಟಾರನೆ ಚೀರುತ್ತೆ. ಕೈಕಾಲು ಸೆಟೆಯುತ್ತೆ, ಕಣ್ಣುಗುಡ್ಡೆ ಮೇಲಕ್ಕೆ ಹೋಗುತ್ತೆ, ಎಚ್ಚರ ತಪ್ಪುತ್ತೆ. ಎಷ್ಟೋ ಮಕ್ಕಳು ಮಾರನೇ ದಿನ ನೋಡಲಿಲ್ಲ. ಜನ ಅದಕ್ಕೆ 'ಚಮ್ಕಿ ಬುಖಾರ್' ಅಂತ ಹೆಸರಿಟ್ಟರು. ನಮ್ಮ ಕಡೆ ಚಮಕಿ ಅಂದರೆ ಜಾತ್ರೆಯಲ್ಲಿ ಕೊಂಡು ಹೆಣ್ಣುಮಕ್ಕಳ ರವಿಕೆಗೆ ಹೊಲಿಯುವ ಹೊಳೆಯೋ ಬಿಲ್ಲೆ. ಅಲ್ಲಿ ಅದು ಸಾವಿನ ಹೆಸರು.

ಸತ್ತವರು ಯಾರು? ಬಹುಪಾಲು ಐದಾರು ವರ್ಷದೊಳಗಿನ ಮಕ್ಕಳು. ಗುಡಿಸಲ ಮಕ್ಕಳು. ಮುಸಹರರಂಥ ದಲಿತ ಕೇರಿಗಳವರು, ತುಂಡು ಭೂಮಿ ಇಲ್ಲದ ಹಿಂದುಳಿದವರು, ಬಡ ಮುಸಲ್ಮಾನರು. ಮುಸಹರ ಅಂದರೆ ಇಲಿ ತಿನ್ನುವವನು ಎಂದೇ ಅರ್ಥ ಹೇಳುತ್ತಾರೆ. ಹಸಿವನ್ನೇ ಜಾತಿಯ ಹೆಸರು ಮಾಡಿದ ಸಮಾಜ ನಮ್ಮದು. 2007ರಲ್ಲಿ ಅಲ್ಲಿನ ಸರ್ಕಾರ ಇಂಥ ಜಾತಿಗಳನ್ನು ಗುಂಪು ಮಾಡಿ 'ಮಹಾದಲಿತ' ಎಂದು ಕರೆಯಿತು. ಹೆಸರಿಗೆ 'ಮಹಾ' ಸೇರಿತು. ತಟ್ಟೆಗೆ?

ದೊಡ್ಡ ಊರುಗಳಿಂದ ದೊಡ್ಡ ಜನ ಬಂದರು. ಮಕ್ಕಳ ರಕ್ತ ತೆಗೆದರು, ಬೆನ್ನುಹುರಿಯ ನೀರು ತೆಗೆದರು, ಸೀಸೆಗೆ ತುಂಬಿ ದೂರದ ಪ್ರಯೋಗಾಲಯಗಳಿಗೆ ಕಳಿಸಿದರು. ಹುಡುಕಿದ್ದು ವೈರಸ್ಸನ್ನು. ಸೊಳ್ಳೆಯಿಂದ ಹರಡುವ ಜಪಾನೀ ಮೆದುಳುಜ್ವರ ಇರಬೇಕು ಅಂದರು. ಬಿಸಿಲ ಝಳ ಅಂದರು. ತೋಟಕ್ಕೆ ಹೊಡೆಯೋ ಔಷಧಿ ಅಂದರು. ಬೆನ್ನುಹುರಿಯ ನೀರಲ್ಲಿ ಸೋಂಕಿನ ಗುರುತು ಇರಲಿಲ್ಲ. ಆದರೂ ಹುಡುಕಾಟ ವೈರಸ್ಸಿನದೇ. ಅಮೆರಿಕದ ರೋಗನಿಯಂತ್ರಣ ಸಂಸ್ಥೆ 2015ರ ಜನವರಿಯಲ್ಲಿ, ಮುಜಫರಪುರದ 2013 ಮತ್ತು 2014ರ ಸಾವುಗಳ ಬಗ್ಗೆ ತನ್ನ ವಾರಪತ್ರಿಕೆಯಲ್ಲಿ ವರದಿ ಹಾಕಿದಾಗಲೂ ತಲೆಬರಹದಲ್ಲೇ 'ವಿವರಣೆ ಸಿಗದ' ಎಂಬ ಮಾತು ಇತ್ತು. ಇಪ್ಪತ್ತು ಬೇಸಿಗೆ ಕಳೆದಿದ್ದವು.

ಆ ಮಕ್ಕಳ ರಕ್ತದಲ್ಲಿ ಸಕ್ಕರೆ ಇರಲಿಲ್ಲ. ಇಷ್ಟೇ ವಿಷಯ.

ಸಕ್ಕರೆ ಕಾಯಿಲೆ ಅಂದರೆ ನಮ್ಮ ಜನಕ್ಕೆ ಗೊತ್ತಿರೋದು ಉಂಡು ಹೆಚ್ಚಾದವರ ಕಾಯಿಲೆ. ಬೆಳಿಗ್ಗೆ ಎದ್ದು ಬೂಟು ಹಾಕಿಕೊಂಡು ಕೆರೆ ಏರಿ ಮೇಲೆ ನಡೆಯೋರ ಕಾಯಿಲೆ. (ಈಗ ಕೂಲಿ ಮಾಡುವ ನಮ್ಮ ಅವ್ವಂದಿರಿಗೂ ಬಂದಿದೆ, ಆ ಮಾತು ಬೇರೆ.) ಸಕ್ಕರೆ ಕಾಯಿಲೆಯೇ ಇಲ್ಲದ, ಇನ್ಸುಲಿನ್ ಸೂಜಿ ಕಾಣದ, ಮಾತ್ರೆ ನುಂಗದ ಮೂರು ವರ್ಷದ ಕೂಸಿನ ರಕ್ತದಲ್ಲಿ ಸಕ್ಕರೆ ಪಾತಾಳಕ್ಕೆ ಇಳಿಯಬಹುದು ಅಂದರೆ ಓದಿದವರೂ ಹುಬ್ಬೇರಿಸುತ್ತಾರೆ. ಹೇಗೆ ಇಳೀತದೆ? ಅದು ಮಾಟವಲ್ಲ. ಮೇಷ್ಟ್ರುಗಳು ಮಕ್ಕಳಿಗೆ ಪಾಠ ಮಾಡಬೇಕಾದ ವಿಷಯವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ನಾವು ಉಂಡ ಅನ್ನ, ಮುದ್ದೆ, ರೊಟ್ಟಿ ಎಲ್ಲ ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತೆ. ಆ ಹೊತ್ತಿಗೆ ಬೇಕಾದಷ್ಟು ಖರ್ಚಾಗಿ ಮಿಕ್ಕದ್ದರಲ್ಲಿ ಒಂದಿಷ್ಟನ್ನು ಲಿವರ್ ಕೂಡಿಟ್ಟುಕೊಳ್ಳುತ್ತೆ. ಗ್ಲೈಕೋಜನ್ ಅಂತ ಅದರ ಹೆಸರು. ಹಳೇ ಕಾಲದ ಊರುಗಳಲ್ಲಿ ನೆಲದೊಳಗೆ ಧಾನ್ಯ ತುಂಬಿಡುವ ಹಗೇವು ಇರುತ್ತಿತ್ತಲ್ಲ, ಹಾಗೆ. ರಾತ್ರಿ ನಾವು ಮಲಗಿದಾಗಲೂ ಮಿದುಳು ಮಲಗಲ್ಲ. ಅದಕ್ಕೆ ಸಕ್ಕರೆ ಬೇಕೇ ಬೇಕು. ಲಿವರ್ ಹಗೇವು ತೆಗೆದು ಅಳೆದು ಅಳೆದು ಕೊಡುತ್ತಾ ಬೆಳಗು ಮಾಡುತ್ತೆ. ದೊಡ್ಡವರ ಹಗೇವು ದೊಡ್ಡದು. ಮೂರು ವರ್ಷದ ಕೂಸಿನ ಲಿವರ್ ಸಣ್ಣದು, ಆದರೆ ಮೈಗೆ ಹೋಲಿಸಿದರೆ ಮಿದುಳು ದೊಡ್ಡದು, ಉಣ್ಣೋ ಬಾಯಿ ದೊಡ್ಡದು. ಅದರಲ್ಲೂ ಹುಟ್ಟಿದಾಗಿನಿಂದ ಅರೆಹೊಟ್ಟೆಯಲ್ಲೇ ಬೆಳೆದ ಕೂಸಾದರೆ? ಗೌಡರ ಮನೆಯದು ಹಗೇವಾದರೆ ಈ ಕೂಸಿನದು ಒಡಕು ಮಡಕೆ. ತಳದಲ್ಲಿ ಎರಡು ಹಿಡಿ.

ಹಗೇವು ಬರಿದಾದ ಮೇಲೆ ಮೈ ಸುಮ್ಮನಿರಲ್ಲ. ಕೊಬ್ಬು ಕರಗಿಸಿ ಬೆಂಕಿ ಹಚ್ಚುತ್ತೆ. ಆ ಬೆಂಕಿಯ ಬಲದಲ್ಲಿ ಲಿವರ್ ಹೊಸದಾಗಿ ಸಕ್ಕರೆ ಮಾಡಿಕೊಳ್ಳುತ್ತೆ. ಬರಗಾಲದಲ್ಲಿ ದನಕರು ಮಾರಿ ಜೋಳ ತಂದ ಹಾಗೆ. ಇದು ಎರಡನೇ ಬಾಗಿಲು. ಲಿಚಿ ಹಣ್ಣಿನಲ್ಲಿರುವ ಎರಡು ವಸ್ತುಗಳು, ಹೈಪೊಗ್ಲೈಸಿನ್ ಮತ್ತು ಅದರದೇ ದಾಯಾದಿಯಾದ ಎಂ.ಸಿ.ಪಿ.ಜಿ., ಈ ಎರಡನೇ ಬಾಗಿಲಿಗೆ ಬೀಗ ಜಡಿಯುತ್ತವೆ. ಹಗೇವು ತುಂಬಿದ್ದವನಿಗೆ ಎರಡನೇ ಬಾಗಿಲು ಮುಚ್ಚಿದರೂ ಗೊತ್ತೇ ಆಗಲ್ಲ. ಪಟ್ಟಣದ ಮನೆಗಳಲ್ಲಿ ಅದೇ ಲಿಚಿಯನ್ನು ಬುಟ್ಟಿಗಟ್ಟಲೆ ತಿಂದ ಮಕ್ಕಳು ಬೆಳಿಗ್ಗೆ ಎದ್ದು ಶಾಲೆಗೆ ಹೋದರು. ತೋಟದಲ್ಲಿ ಹಣ್ಣು ಕೀಳೋಕೆ, ಕಟ್ಟೋಕೆ ಕೂಲಿಗೆ ಬಂದವರ ಮಕ್ಕಳು ಬಿದ್ದ ಹಣ್ಣು, ಅರೆಗಾಯಿ ಆಯ್ದು ತಿಂದು, ರಾತ್ರಿ ಉಣ್ಣದೆ ಮಲಗಿ, ಬೆಳಗಿನ ಜಾವಕ್ಕೆ ಎರಡೂ ಬಾಗಿಲು ಮುಚ್ಚಿದ ಮನೆಯೊಳಗೆ ಉಸಿರುಗಟ್ಟಿದರು.

ಇದನ್ನು ಕಂಡುಹಿಡಿಯೋಕೆ ಆಕಾಶಕ್ಕೆ ಏಣಿ ಹಾಕಬೇಕಿರಲಿಲ್ಲ. ಆಫ್ರಿಕದಿಂದ ಜನರನ್ನು ಗುಲಾಮರಾಗಿ ಎಳೆದೊಯ್ದ ಕಾಲದಲ್ಲೇ ಆಕೀ ಅನ್ನುವ ಹಣ್ಣಿನ ಗಿಡ ಜಮೈಕಾ ದ್ವೀಪಕ್ಕೆ ಹೋಯಿತು. ಲಿಚಿಯ ಬಳಗದ್ದೇ ಗಿಡ. ನಮ್ಮ ಅಂಟುವಾಳವೂ ಅದೇ ಬಳಗ. ಅಲ್ಲಿ ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳು ಅರೆಗಾಯಿ ಆಕೀ ತಿಂದು ವಾಂತಿ ಮಾಡಿ, ಸೆಟೆದು ಸಾಯುತ್ತಿದ್ದರು. ಅದರಲ್ಲೂ ಸಣಕಲು ಮಕ್ಕಳು, ಹಸಿದ ಮಕ್ಕಳು. ಅದರ ವಿಷವನ್ನು ಬೇರ್ಪಡಿಸಿ 1954ರಲ್ಲೇ ವಿಜ್ಞಾನ ಪತ್ರಿಕೆಯಲ್ಲಿ ಬರೆದರು; ಸಕ್ಕರೆ ಇಳಿಸುತ್ತೆ ಅಂತಲೇ ಅದಕ್ಕೆ ಹೈಪೊಗ್ಲೈಸಿನ್ ಅಂತ ಹೆಸರಿಟ್ಟರು. ಲಿಚಿ ಬೀಜದಲ್ಲಿ ಅದರ ದಾಯಾದಿ ಇದೆ ಅಂತ 1962ರಲ್ಲಿ ಗೊತ್ತಾಯಿತು. ಪುಸ್ತಕ ಕಪಾಟಿನಲ್ಲಿತ್ತು. ಮಕ್ಕಳು ಚಟ್ಟದ ಮೇಲಿದ್ದರು. ಕಪಾಟಿನಿಂದ ಚಟ್ಟಕ್ಕೆ ನಡೆದು ಬರೋಕೆ ವಿದ್ಯೆಗೆ ಐವತ್ತು ವರ್ಷ ಹಿಡಿಯಿತು. ಈ ದೇಶದಲ್ಲಿ ವಿದ್ಯೆ ಯಾರ ಕಾಲಲ್ಲಿ ನಡೆಯುತ್ತೆ, ಯಾವ ಬೀದಿಗೆ ಕಾಲಿಡಲ್ಲ ಅನ್ನೋದು ನಮಗೆ ಹೊಸದಲ್ಲ.

ನಡೆದು ಬಂದವರನ್ನು ನೆನೆಯಬೇಕು. ಎಲ್ಲ ಡಾಕ್ಟರರನ್ನೂ ಒಂದೇ ಹಗ್ಗಕ್ಕೆ ಕಟ್ಟುವ ಜನ ನಾವಲ್ಲ. ವೆಲ್ಲೂರಿನ ವೈರಾಣು ತಜ್ಞ ಟಿ. ಜೇಕಬ್ ಜಾನ್, ವಿಷವಿಜ್ಞಾನಿ ಮುಕುಲ್ ದಾಸ್, ಮುಜಫರಪುರದಲ್ಲೇ ಮಕ್ಕಳ ವೈದ್ಯರಾಗಿರುವ ಅರುಣ್ ಶಾ, ಇವರು ಇದು ವೈರಸ್ಸಿನ ಮೆದುಳುಜ್ವರ ಅಲ್ಲ, ಹಸಿದ ಮೈಗೆ ಬಿದ್ದ ವಿಷದ ಪೆಟ್ಟು ಎಂದು ವಾದಿಸಿದರು. ಆಮೇಲೆ ನಮ್ಮ ರಾಷ್ಟ್ರೀಯ ರೋಗನಿಯಂತ್ರಣ ಕೇಂದ್ರ ಮತ್ತು ಅಮೆರಿಕದ ಸಂಸ್ಥೆ ಕೂಡಿ 2014ರ ಬೇಸಿಗೆಯಲ್ಲಿ ಮಾಡಿದ ತನಿಖೆ 2017ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಬಂತು. ಅದರ ಲೆಕ್ಕ ಕೇಳಿ. ಮುಜಫರಪುರದ ಎರಡು ಆಸ್ಪತ್ರೆಗೆ 2014ರ ಮೇ 26ರಿಂದ ಜುಲೈ 17ರವರೆಗೆ ದಾಖಲಾದವರು 390. ಸತ್ತವರು 122. ರಕ್ತದ ಸಕ್ಕರೆ ಅಳೆದ 327 ಜನರಲ್ಲಿ 204 ಮಂದಿಯದು 70 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ. ಪರೀಕ್ಷಿಸಿದ 73 ಮಕ್ಕಳ ಮೂತ್ರದಲ್ಲಿ 48ರಲ್ಲಿ ಲಿಚಿ ವಿಷದ ಪಳೆಯುಳಿಕೆ. ಹೋಲಿಕೆಗೆ ಇಟ್ಟುಕೊಂಡ 15 ಮಕ್ಕಳಲ್ಲಿ ಒಂದರಲ್ಲೂ ಇಲ್ಲ.

ಆ ತನಿಖೆಯಲ್ಲಿ ಒಂದು ಪ್ರಶ್ನೆ ಇತ್ತು. ನಮ್ಮ ಪ್ರಕಾರ ಆ ಇಡೀ ವಿಜ್ಞಾನದ ಜೀವ ಅದೇ. ಅವರು ತಾಯಂದಿರನ್ನು ಕೇಳಿದರು: ಹಿಂದಿನ ರಾತ್ರಿ ಮಗು ಉಂಡಿತ್ತೇ? 104 ಕಾಯಿಲೆ ಮಕ್ಕಳನ್ನು ಅದೇ ವಯಸ್ಸಿನ 104 ಬೇರೆ ಮಕ್ಕಳ ಪಕ್ಕಕ್ಕಿಟ್ಟು ಲೆಕ್ಕ ಹಾಕಿದಾಗ ಎರಡು ಸಂಗತಿ ಎದ್ದು ನಿಂತವು. ಒಂದು ಲಿಚಿ. ಇನ್ನೊಂದು ಇಲ್ಲದ ರಾತ್ರಿಯೂಟ. ಊಟ ಇಲ್ಲದ ಮಗುವಿಗೆ ಲಿಚಿಯ ಅಪಾಯ, ಊಟ ಮಾಡಿದ ಮಗುವಿಗಿಂತ ಎರಡು ಪಟ್ಟು.

'ರಾತ್ರಿ ಏನು ಉಂಡಿತ್ತು ಕೂಸು?' ನಮ್ಮ ಹಟ್ಟಿಯ ಯಾವ ಮುದುಕಿಯಾದರೂ ಮೊದಲು ಕೇಳುವ ಪ್ರಶ್ನೆ. ಅಕ್ಷರ ಬಾರದ ಅಜ್ಜಿ ಕೇಳುತ್ತಾಳೆ. ಎಂ.ಬಿ.ಬಿ.ಎಸ್., ಎಂ.ಡಿ. ಓದಿದವನು ಯಾಕೆ ಕೇಳಲಿಲ್ಲ? ಯಾಕೆಂದರೆ ಅವನ ಮನೆಯಲ್ಲಿ ಆ ಪ್ರಶ್ನೆಗೆ ಅರ್ಥವೇ ಇಲ್ಲ. ರಾತ್ರಿ ಆದ ಮೇಲೆ ಊಟ ಇದ್ದೇ ಇರುತ್ತೆ, ಹೊತ್ತು ಮುಳುಗಿದ ಮೇಲೆ ಕತ್ತಲಾದ ಹಾಗೆ. 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಅನ್ನುವ ಗಾದೆ ನೋಡಿ. ಉಂಡೇ ಮಲಗುತ್ತಾರೆ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟಿದೆ ಅದು. ಉಣ್ಣದೆ ಮಲಗುವ ಗುಡಿಸಲಲ್ಲಿ ಜಗಳ ಯಾವಾಗ ಮುಗಿಯಬೇಕು? ನಮ್ಮ ಕೇರಿಗಳಲ್ಲಿ ಹಸಿದು ಅಳುವ ಕೂಸನ್ನು ಮಲಗಿಸುವ ವಿದ್ಯೆ ಗೊತ್ತಿಲ್ಲದ ತಾಯಿ ಇರಲಿಲ್ಲ. ಒಲೆ ಮೇಲೆ ಬರೀ ನೀರು ಕುದಿಸಿ, ಈಗ ಬೇಯ್ತದೆ ಮಗಾ, ಈಗ ಬೇಯ್ತದೆ ಅಂತ ತಟ್ಟುತ್ತಾ ತಟ್ಟುತ್ತಾ. ಹಾಗೆ ಮಲಗಿ ಎದ್ದವರು ನಾವು. ಎದ್ದೆವಲ್ಲ, ಅದಕ್ಕೇ ಬರೆಯುತ್ತಿದ್ದೇವೆ.

ಹಾಗಾದರೆ ಲಿಚಿಯದೇ ತಪ್ಪೇ? ಇಲ್ಲೊಂದು ತಮಾಷೆ ನಡೆಯಿತು. ವರದಿ ಬಂದ ಕೂಡಲೆ ತೋಟದ ಮಾಲೀಕರು, ವ್ಯಾಪಾರಿಗಳು, ಅವರ ಪರ ಮಾತಾಡುವ ಪಂಡಿತರು ಹಣ್ಣಿನ ಮಾನ ಉಳಿಸೋಕೆ ನಿಂತರು. ಲಿಚಿ ನಿರಪರಾಧಿ, ಲಿಚಿಯನ್ನು ಬಯ್ಯಬೇಡಿ. ಮುಜಫರಪುರದ 'ಶಾಹಿ' ಲಿಚಿಗೆ 2018ರಲ್ಲಿ ಭೌಗೋಳಿಕ ಗುರುತಿನ ಪಟ್ಟವೂ ಸಿಕ್ಕಿತು. ಹಣ್ಣಿಗೆ ಗುರುತು ಸಿಕ್ಕಿತು. ಹಣ್ಣು ಕಿತ್ತವರ ಮಕ್ಕಳ ಸಾವಿಗೆ ಗುರುತು ಸಿಗೋಕೆ ಇಪ್ಪತ್ತು ವರ್ಷ ಬೇಕಾಯಿತು. ಲಿಚಿ ತಿನ್ನದ ಮಕ್ಕಳೂ ಸತ್ತಿದ್ದಾರೆ, ಬಿಸಿಲಿನ ಪಾಲೂ ಇದೆ ಎಂದು ವಾದಿಸುವ ವೈದ್ಯರೂ ಇದ್ದಾರೆ. ಇರಲಿ. ವಿಜ್ಞಾನದಲ್ಲಿ ವಾದ ಇರಬೇಕು. ಆ ತನಿಖೆಯ ಅಂಕಿಗಳಲ್ಲೇ ಮೂರರಲ್ಲಿ ಒಂದು ಪಾಲು ಮಕ್ಕಳ ಮೂತ್ರದಲ್ಲಿ ವಿಷ ಸಿಗಲಿಲ್ಲ. ಅದನ್ನು ಮುಚ್ಚಿಡುವುದು ನಮಗೆ ಬೇಡ. ಆದರೆ ಲಿಚಿ ಪರದವರೂ ಲಿಚಿ ವಿರೋಧಿಗಳೂ ಒಂದು ಮಾತಿನಲ್ಲಿ ಜಗಳ ಆಡುವುದಿಲ್ಲ: ಸತ್ತವು ಸಣಕಲು ಮಕ್ಕಳು. ಎಲ್ಲರೂ ಒಪ್ಪುವ ಕಾರಣದ ಬಗ್ಗೆ ಯಾರೂ ಮಾತಾಡದಿದ್ದರೆ, ಎಲ್ಲರೂ ಹಣ್ಣಿನ ಬಗ್ಗೆಯೇ ಮಾತಾಡಿದರೆ, ಅದಕ್ಕೆ ನಾವು ಏನನ್ನೋಣ? ಹಣ್ಣನ್ನು ನಿಷೇಧಿಸಬಹುದು. ಹಸಿವನ್ನು ನಿಷೇಧಿಸೋಕೆ ಭೂಮಿ ಹಂಚಬೇಕು, ಕೂಲಿ ಏರಿಸಬೇಕು.

ಮದ್ದು ಏನು ಗೊತ್ತೇ? ಸಕ್ಕರೆ ನೀರು. ಆಸ್ಪತ್ರೆಯ ಭಾಷೆಯಲ್ಲಿ ನೂರಕ್ಕೆ ಹತ್ತರ ಗ್ಲೂಕೋಸ್, ನರಕ್ಕೆ. ಸೆಟೆದ ಕೂಸಿಗೆ ತಡ ಮಾಡದೆ ಕೊಟ್ಟರೆ ಕಣ್ಣು ಬಿಡಬಹುದು. ತಡವಾದರೆ ಮಿದುಳು ಒಣಗುತ್ತೆ, ಬದುಕಿದರೂ ಕೈಕಾಲು, ಮಾತು, ಬುದ್ಧಿ ಮೊದಲಿನಂತೆ ಇರುತ್ತೆ ಅನ್ನೋ ಭರವಸೆ ಇಲ್ಲ. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ಪಟ್ಟಿಗೆ ತಾಗಿಸಿದರೆ ಅರೆ ನಿಮಿಷದೊಳಗೆ ಸಕ್ಕರೆ ಎಷ್ಟೆಂದು ತೋರಿಸುವ ಯಂತ್ರ ಇವತ್ತು ಪಟ್ಟಣದ ಪ್ರತಿ ಎರಡನೇ ಮನೆಯ ಗೂಡಿನಲ್ಲಿದೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಯಂತ್ರ ಇದ್ದರೆ ಪಟ್ಟಿ ಇಲ್ಲ, ಪಟ್ಟಿ ಇದ್ದರೆ ಬೆಳಗಿನ ಜಾವ ಬೀಗ ತೆಗೆಯುವವರಿಲ್ಲ. ಬಾಡಿಗೆ ಗಾಡಿ ಹುಡುಕಿ, ಸಾಲ ಮಾಡಿ, ಜಿಲ್ಲಾಸ್ಪತ್ರೆ ಮುಟ್ಟೋ ಹೊತ್ತಿಗೆ ಹೊತ್ತು ನೆತ್ತಿಗೆ ಬಂದಿರುತ್ತೆ.

2016ರ ಹೊತ್ತಿಗೆ ಬಿಹಾರದಲ್ಲಿ ಚಿಕಿತ್ಸೆಯ ಕ್ರಮವನ್ನು ಬರೆದಿಟ್ಟಿದ್ದರು. ಮನೆಮನೆಗೆ ಹೋಗಿ, ಮಗುವನ್ನು ಉಣಿಸದೆ ಮಲಗಿಸಬೇಡಿ ಅಂತ ಹೇಳುವ ಕೆಲಸವೂ ನಡೆಯಿತು. ಸಾವು ಇಳಿದವು. ಆಮೇಲೆ 2019. ಅದು ಲೋಕಸಭಾ ಚುನಾವಣೆಯ ಬೇಸಿಗೆ. ಆ ವರ್ಷ 150ಕ್ಕೂ ಹೆಚ್ಚು ಮಕ್ಕಳು ಸತ್ತರು. ಒಂದೇ ಮಂಚದ ಮೇಲೆ ಎರಡು ಮೂರು ಮಕ್ಕಳು ಮಲಗಿದ್ದನ್ನು ದೇಶವೇ ಟೀವಿಯಲ್ಲಿ ನೋಡಿತು. ಜೂನ್ 16ರಂದು ಕೇಂದ್ರದ ಆರೋಗ್ಯ ಮಂತ್ರಿ ಸಭೆ ಮಾಡುತ್ತಿದ್ದಾಗ ರಾಜ್ಯದ ಆರೋಗ್ಯ ಮಂತ್ರಿಗಳು ಎಷ್ಟು ವಿಕೆಟ್ ಬಿತ್ತು ಎಂದು ವಿಚಾರಿಸಿದರು. ಅವತ್ತು ಭಾರತ ಪಾಕಿಸ್ತಾನ ಪಂದ್ಯ ಇತ್ತು. ವೈಶಾಲಿ ಜಿಲ್ಲೆಯ ಹರಿವಂಶಪುರದಲ್ಲಿ, ಮಕ್ಕಳನ್ನು ಕಳೆದುಕೊಂಡ ಹಳ್ಳಿಯ ಜನ ಕುಡಿಯೋಕೆ ನೀರಿಲ್ಲ, ಕೇಳೋರಿಲ್ಲ ಅಂತ ರಸ್ತೆಗೆ ಇಳಿದರು. ಸರ್ಕಾರ ನೀರು ಕೊಡುವ ಮೊದಲು 39 ಜನರ ಮೇಲೆ ಮೊಕದ್ದಮೆ ಹಾಕಿತು. ಸುಪ್ರೀಂ ಕೋರ್ಟು ಜೂನ್ 24ರಂದು ಕೇಂದ್ರ, ಬಿಹಾರ, ಉತ್ತರ ಪ್ರದೇಶ ಸರ್ಕಾರಗಳಿಗೆ ನೋಟೀಸು ಕೊಟ್ಟು, ಆಸ್ಪತ್ರೆ, ಪೌಷ್ಟಿಕ ಆಹಾರ, ನೈರ್ಮಲ್ಯದ ಸ್ಥಿತಿ ಏನೆಂದು 7 ದಿನದಲ್ಲಿ ಹೇಳಿ ಅಂದಿತು. ಮಕ್ಕಳು ಬೆಳಗಿನ ಜಾವದಿಂದ ಮಧ್ಯಾಹ್ನಕ್ಕೆ ಸಾಯುತ್ತವೆ. ಕಾಗದ 7 ದಿನಕ್ಕೆ ಬರುತ್ತೆ.

'ಉಣಿಸದೆ ಮಲಗಿಸಬೇಡಿ' ಎಂಬ ಗೋಡೆಬರಹದ ಬಗ್ಗೆ ಒಂದು ಮಾತು. ಓದಿದಾಗ ಮೈ ಉರಿಯುತ್ತೆ. ಉಣ್ಣೋಕೆ ಇಟ್ಟುಕೊಂಡೂ ಉಣಿಸದ ತಾಯಿ ಯಾವ ಲೋಕದಲ್ಲಿದ್ದಾಳೆ? ಹಸಿವು ಅವರ ಕೆಟ್ಟ ಚಟ ಎಂಬಂತೆ, ಬೀಡಿ ಸೇದಬೇಡಿ ಎಂದು ಬರೆದ ಹಾಗೆ ಬರೆಯುತ್ತಾರೆ. ಆದರೂ ಗೆಳೆಯರೇ, ಆ ಗೋಡೆಬರಹವನ್ನು ಅಳಿಸಿ ಅನ್ನೋಕೆ ನಾವು ತಯಾರಿಲ್ಲ. ಮನೆಯಲ್ಲಿ ಅರ್ಧ ರೊಟ್ಟಿ ಇದ್ದು, ಆಟದ ಸುಸ್ತಿಗೆ ನಿದ್ದೆ ಹೋದ ಕೂಸನ್ನು ಎಬ್ಬಿಸೋದು ಬೇಡ ಅಂತ ಬಿಟ್ಟ ತಾಯಿಗೆ ಆ ಬರಹ ಒಂದು ಜೀವ ಉಳಿಸಿಕೊಟ್ಟಿದೆ. ಗೋಡೆಯ ಕೆಳಗೆ ಅಕ್ಕಿ ಮೂಟೆಯನ್ನೂ ಇಡಿ ಅನ್ನೋದಷ್ಟೇ ನಮ್ಮ ಜಗಳ.

ಇನ್ನು ನಮ್ಮ ನಾಡಿಗೆ ಬರೋಣ. ನಮ್ಮಲ್ಲಿ ಲಿಚಿ ತೋಟಗಳಿಲ್ಲ, ಚಮ್ಕಿ ಇಲ್ಲ, ಬಚಾವಾದೆವು ಅಂತ ಯಾರೂ ಮೀಸೆ ತಿರುವಬೇಡಿ. ಎರಡನೇ ಬಾಗಿಲಿಗೆ ಬೀಗ ಹಾಕುವ ಹಣ್ಣು ನಮ್ಮಲ್ಲಿಲ್ಲ, ಸರಿ. ಬರಿದಾದ ಹಗೇವು ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ವಯಸ್ಸಿಗೆ ತಕ್ಕ ಎತ್ತರ ಇಲ್ಲದವು, 19.5 ಎತ್ತರಕ್ಕೆ ತಕ್ಕ ತೂಕ ಇಲ್ಲದ ಸಣಕಲು. ಬಿಹಾರದ್ದು 42.9 ಮತ್ತು 22.9. ಐ.ಟಿ. ರಾಜಧಾನಿಗೂ ಮುಜಫರಪುರಕ್ಕೂ ನಡುವೆ ಇರುವ ಅಂತರ ಇಷ್ಟೇ: ಸಣಕಲು ಮಕ್ಕಳ ಲೆಕ್ಕದಲ್ಲಿ ನೂರಕ್ಕೆ ಸುಮಾರು ಮೂರೂವರೆ ಮಗು. ಸಕ್ಕರೆ ತಯಾರಿಸುವ ರಾಜ್ಯಗಳ ಸಾಲಿನಲ್ಲಿ ನಾವು ಮುಂಚೂಣಿಯಲ್ಲಿದ್ದೇವೆ. ಕಬ್ಬು ಕಡಿಯೋಕೆ ಗುಳೆ ಬಂದವರ ಮಕ್ಕಳು ಗದ್ದೆ ಬದಿಯ ಟೆಂಟಿನಲ್ಲಿ ಮಲಗಿರುತ್ತವೆ. ಅವ್ವ ಅಪ್ಪ ಕತ್ತಲಲ್ಲೇ ಎದ್ದು ಕೊಯ್ತ ಹಿಡಿದು ಹೋಗಿರುತ್ತಾರೆ.

ಒಂದೂವರೆ ವರ್ಷದಿಂದ ಐದು ವರ್ಷದ ತನಕ, ಅದರಲ್ಲೂ ತೆಳ್ಳಗಿನ ಮಕ್ಕಳಲ್ಲಿ, ರಾತ್ರಿ ಉಣ್ಣದೆ ಮಲಗಿದರೆ ಅಥವಾ ಜ್ವರ, ವಾಂತಿ, ಭೇದಿ ಬಂದು ಊಟ ಬಿಟ್ಟರೆ ಬೆಳಗಿನ ಜಾವ ಸಕ್ಕರೆ ಇಳಿದು ಬೆವರೋದು, ಮಂಕಾಗೋದು, ಎಬ್ಬಿಸಿದರೆ ಏಳದಿರೋದು, ಸೆಟೆಯೋದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಸಕ್ಕರೆ ಕಾಯಿಲೆ ಇಲ್ಲದ ಮಕ್ಕಳಲ್ಲಿ ಸಕ್ಕರೆ ಇಳಿಯೋಕೆ ಇದೇ ಹೆಚ್ಚು ಕಾಣುವ ಕಾರಣ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಬೇರೆ ಹೆಸರಿದೆ: ಬಾಲಗ್ರಹ. ಗಾಳಿ ಸೋಕಿದೆ, ದೃಷ್ಟಿಯಾಗಿದೆ. ಮಂತ್ರವಾದಿ ಬರ್ತಾನೆ, ಬೇವಿನ ಸೊಪ್ಪು ಬೀಸ್ತಾನೆ, ತಾಯಿತ ಕಟ್ತಾನೆ, ಕೋಳಿ ತಗೊಂಡು ಹೋಗ್ತಾನೆ. ನಡುವೆ ಮಗುವಿಗೆ ಯಾರೋ ಬೆಲ್ಲದ ನೀರು ಕುಡಿಸಿದ್ದರೆ ಎದ್ದು ಕೂರುತ್ತೆ, ಕೀರ್ತಿ ತಾಯಿತಕ್ಕೆ. ಈ ಮಂತ್ರವಾದಿಯನ್ನು ಬಯ್ಯೋದು ನಮಗೆಲ್ಲ ಸಲೀಸು. ಆದರೆ 'ಬಾಲಗ್ರಹ' ಅಂದವನಿಗೂ ಚೀಟಿ ಮೇಲೆ 'ಕಾರಣ ತಿಳಿದುಬಂದಿಲ್ಲ' ಅಂತ ಗೀಚಿ ಫಿಟ್ಸ್ ಮಾತ್ರೆ ಕೊಟ್ಟು ಕಳಿಸಿದವನಿಗೂ ವ್ಯತ್ಯಾಸ ಏನು? ಇಬ್ಬರೂ ತಟ್ಟೆ ನೋಡಲಿಲ್ಲ. ಒಬ್ಬ ಕೋಳಿ ಒಯ್ದ, ಇನ್ನೊಬ್ಬ ಸಂಬಳ.

ಎಲ್ಲ ಮಕ್ಕಳಿಗೂ ಹಸಿವೊಂದೇ ಕಾರಣ ಅಂತ ನಾವು ಹಟ ಹಿಡಿಯಲ್ಲ. ಹುಟ್ಟಿನಿಂದಲೇ ಕೊಬ್ಬು ಕರಗಿಸುವ ಶಕ್ತಿ ಇಲ್ಲದ ಮಕ್ಕಳಿದ್ದಾರೆ, ಇನ್ಸುಲಿನ್ ಮಿತಿಮೀರಿ ಸುರಿಯುವ ಮಕ್ಕಳಿದ್ದಾರೆ. ಅಜ್ಜಿ ದಿಂಬಿನಡಿ ಇಟ್ಟ ಸಕ್ಕರೆ ಕಾಯಿಲೆ ಮಾತ್ರೆಯನ್ನು ಪೆಪ್ಪರಮೆಂಟು ಅಂದುಕೊಂಡು ನುಂಗಿದ ಕೂಸಿಗೆ ಒಂದೇ ಮಾತ್ರೆ ಸಾವಾಗಬಹುದು. ಜ್ವರ, ಸೆಟೆತದ ಗಾಬರಿಗೆ ಸಕ್ಕರೆ ಇದ್ದಕ್ಕಿದ್ದಂತೆ ಏರುವುದೂ ಉಂಟು. ಏರಿದ್ದನ್ನು ಕಂಡು ಸಕ್ಕರೆ ಕಾಯಿಲೆ ಎಂದು ಹಣೆಪಟ್ಟಿ ಕಟ್ಟಿಬಿಟ್ಟರೆ ಮುಂದೆ ಇಳಿದದ್ದು ಕಾಣುವುದೇ ಇಲ್ಲ. ಹಾಗಾಗಿ ಮತ್ತೆ ಮತ್ತೆ ಅಳೆಯಬೇಕು. ಉಂಡೂ ಉಂಡೂ ಇಳಿಯುವ ಮಗುವನ್ನು ದೊಡ್ಡಾಸ್ಪತ್ರೆಗೆ ಕಳಿಸಿ ಬುಡ ಹುಡುಕಬೇಕು. ಇಳಿದಿರುವ ಆ ಹೊತ್ತಿನಲ್ಲೇ ತೆಗೆದ ರಕ್ತದಲ್ಲಿ ಕಾರಣ ಸಿಗುವ ಸಂಭವ ಹೆಚ್ಚು, ಸರಿಹೋದ ಮೇಲೆ ಅದು ಮಂಜಿನಂತೆ ಕರಗುತ್ತೆ. ಇದಕ್ಕೆಲ್ಲ ಡಾಕ್ಟರು ಬೇಕು, ಪ್ರಯೋಗಾಲಯ ಬೇಕು, ದುಡ್ಡು ಬೇಕು. ಕೊಡಲಿ. ಬೇಡ ಅಂದವರು ಯಾರು? ಆದರೆ ಮೊದಲ ಪ್ರಶ್ನೆ ಕೇಳದೆ ನೂರನೇ ಪ್ರಶ್ನೆಗೆ ಹಾರುವ ಜಾಣತನ ಬೇಡ.

ಬಹಳ ಸಣಕಲಾದ ಮಕ್ಕಳನ್ನು ನೋಡಿಕೊಳ್ಳೋಕೆ ವಿಶ್ವ ಆರೋಗ್ಯ ಸಂಸ್ಥೆ ಹತ್ತು ಹೆಜ್ಜೆ ಹೇಳಿದೆ. ಅದರಲ್ಲಿ ಮೊದಲನೆಯದೇ ಸಕ್ಕರೆ ಇಳಿಯದಂತೆ ನೋಡಿಕೊಳ್ಳೋದು. ಸಕ್ಕರೆ 54ಕ್ಕಿಂತ ಕೆಳಗಿಳಿದಿದ್ದು ಮಗುವಿಗೆ ಎಚ್ಚರ ಇದ್ದರೆ 50 ಮಿಲಿಲೀಟರ್ ಸಕ್ಕರೆ ನೀರು ಕುಡಿಸಬೇಕು: ಮೂರೂವರೆ ದೊಡ್ಡ ಚಮಚ ನೀರಿಗೆ ತುಂಬಿದ ಒಂದು ಚಹಾ ಚಮಚ ಸಕ್ಕರೆ. ಅಳೆಯೋಕೆ ಯಂತ್ರವೇ ಇಲ್ಲದಿದ್ದರೆ ಇಳಿದಿದೆ ಅಂತಲೇ ತಿಳಿದು ಕೊಡಬೇಕು. ಆಮೇಲೆ ಎರಡೆರಡು ಗಂಟೆಗೆ ಉಣಿಸಬೇಕು, ರಾತ್ರಿಯೂ. ಎಚ್ಚರ ತಪ್ಪಿದ ಕೂಸಿನ ಬಾಯಿಗೆ ಮಾತ್ರ ಏನನ್ನೂ ಸುರಿಯಬಾರದು, ಉಸಿರುನಾಳಕ್ಕೆ ಹೋಗುತ್ತೆ. ಮಗ್ಗುಲಿಗೆ ಹೊರಳಿಸಿ, ನೀರಲ್ಲಿ ನೆನೆಸಿದ ಒಂದು ಚಮಚ ಸಕ್ಕರೆಯನ್ನು ನಾಲಿಗೆ ಕೆಳಗಿಟ್ಟು, ಗಾಡಿ ಹತ್ತಿಸಬೇಕು. ಹಳ್ಳಿ ಮೇಷ್ಟ್ರುಗಳು, ಅಂಗನವಾಡಿಯ ಅಕ್ಕಂದಿರು, ಆಶಾ ಕಾರ್ಯಕರ್ತೆಯರು ಇಷ್ಟನ್ನು ಕಲಿತರೆ ಬೇಕಾದಷ್ಟಾಯಿತು. ಇದಕ್ಕೆ ಜನಿವಾರವೂ ಬೇಡ, ಡಿಗ್ರಿಯೂ ಬೇಡ.

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಿದರೆ ಸುಳ್ಳಾದೀತು. ಅಂಗನವಾಡಿ ಇದೆ, ಬಿಸಿಯೂಟ ಇದೆ, ಹಾಲು ಇದೆ. ಹೋರಾಡಿ ಪಡೆದದ್ದು, ಯಾರಪ್ಪನ ಮನೆಯದೂ ಅಲ್ಲ. ಮೊಟ್ಟೆಯ ಕಥೆ ನೆನಪಿದೆಯಲ್ಲ? 2021ರಲ್ಲಿ ಬೀದರ, ಕಲಬುರಗಿ, ರಾಯಚೂರು, ಯಾದಗಿರಿ ಸೀಮೆಯ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರಿಗೆ ಮೈಲಿಗೆಯಾಯಿತು. ತಮ್ಮ ಹೊಟ್ಟೆ ತುಂಬಿದವರು ಇನ್ನೊಬ್ಬರ ತಟ್ಟೆಗೆ ಮಡಿ ಹೇಳುವುದು ಈ ನೆಲದ ಹಳೇ ಚಾಳಿ. ಮಕ್ಕಳೇ ಎದ್ದು ನಿಂತು ನಮಗೆ ಮೊಟ್ಟೆ ಬೇಕು ಅಂದರು. ಈಗ ಎಲ್ಲ ಜಿಲ್ಲೆಗೂ ಬಂದಿದೆ. ಆ ಮಕ್ಕಳ ಕಾಲಿಗೆ ನಮ್ಮ ಶರಣು.

ಆದರೆ ಲೆಕ್ಕ ಹಾಕಿ. ಅಂಗನವಾಡಿಯಲ್ಲಿ ಮಧ್ಯಾಹ್ನ 12ಕ್ಕೆ ಉಂಡ ಕೂಸು, ಮನೆಯಲ್ಲಿ ಒಲೆ ಹೊತ್ತದಿದ್ದರೆ, ಬೆಳಗಿನ ಜಾವ 5ಕ್ಕೆ ಎಷ್ಟು ಗಂಟೆ ಹಸಿದಿರುತ್ತೆ? 17 ಗಂಟೆ. ಶನಿವಾರ ಮಧ್ಯಾಹ್ನ ಉಂಡದ್ದು ಸೋಮವಾರ ಮಧ್ಯಾಹ್ನಕ್ಕೆ? ಬೇಸಿಗೆ ರಜೆ ಬಂದರೆ? ಶಾಲೆ ಮುಚ್ಚುವ ತಿಂಗಳುಗಳೇ ಕೂಲಿ ಇಲ್ಲದ ತಿಂಗಳುಗಳು. ಬರಗಾಲದ ಸೀಮೆಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕು ಅಂತ ಸುಪ್ರೀಂ ಕೋರ್ಟು 2004ರಲ್ಲೇ ಆದೇಶ ಮಾಡಿದೆ. ನಿಮ್ಮ ತಾಲ್ಲೂಕಿನಲ್ಲಿ ಕಳೆದ ಬರದ ಬೇಸಿಗೆಯಲ್ಲಿ ಎಷ್ಟು ದಿನ ಒಲೆ ಉರಿಯಿತು, ಎಷ್ಟು ಮಕ್ಕಳು ಬಂದರು, ಬರದವರು ಯಾಕೆ ಬರಲಿಲ್ಲ, ಬಿ.ಇ.ಓ. ಕಚೇರಿಗೆ ಹೋಗಿ ಕೇಳಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿದರೆ ಬರೆದು ಕೊಡಬೇಕು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಅಳೆಯುವ ಯಂತ್ರ ಇದೆಯೇ, ಪಟ್ಟಿಯ ಅವಧಿ ಮುಗಿದಿದೆಯೇ, ನೂರಕ್ಕೆ ಹತ್ತರ ಗ್ಲೂಕೋಸ್ ಬಾಟಲಿ ಎಷ್ಟಿವೆ, ಸೆಟೆದ ಮಗು ಬಂದರೆ ಮೊದಲು ಬೆರಳು ಚುಚ್ಚುತ್ತಾರೋ ಚೀಟಿ ಬರೆಯುತ್ತಾರೋ, ಇದನ್ನೂ ಬೇರೆ ಅರ್ಜಿ ಹಾಕಿ ಕೇಳಿ.

ಇನ್ನೊಂದು. ಅಂಗನವಾಡಿಯ ದಾಖಲೆ ಪುಸ್ತಕದಲ್ಲಿ ತೂಕಕ್ಕೆ ಒಂದು ಮನೆ ಇದೆ, ಎತ್ತರಕ್ಕೆ ಒಂದಿದೆ, ಲಸಿಕೆಗೆ ಒಂದಿದೆ. ಹಿಂದಿನ ರಾತ್ರಿಯ ಊಟಕ್ಕೆ ಮನೆ ಇಲ್ಲ. ಅಕ್ಕಂದಿರೇ, ಸ್ಕೇಲು ತಗೊಂಡು ಪಕ್ಕದಲ್ಲಿ ಒಂದು ಗೆರೆ ಎಳೆಯಿರಿ. ದಿನಾ ಬೆಳಿಗ್ಗೆ ಹಾಜರಿ ಕೂಗುವಾಗ ಕೇಳಿ ಬರೆಯಿರಿ. ಉಣ್ಣದೆ ಬಂದ ಕೂಸಿಗೆ ಹನ್ನೆರಡರ ತನಕ ಕಾಯಿಸದೆ ಮೊದಲು ಕೈಗೆ ಏನಾದರೂ ಕೊಡಿ. ಮೇಲಿನವರು ಬಂದು ಇದು ನಮೂನೆಯಲ್ಲಿಲ್ಲ ಅಂದರೆ ಪುಸ್ತಕವನ್ನು ನಮಗೆ ಕೊಡಿ. ತಿಂಗಳ ಕೊನೆಗೆ ಆ ಖಾಲಿ ರಾತ್ರಿಗಳನ್ನೆಲ್ಲ ಕೂಡಿಸಿ, ಕೇರಿ ಕೇರಿಯ ಲೆಕ್ಕ ಬೇರೆ ಬೇರೆ ಬರೆದು, ತಾಲ್ಲೂಕು ಪಂಚಾಯ್ತಿ ಕಚೇರಿಯ ಗೋಡೆಗೆ ನಾವು ಅಂಟಿಸುತ್ತೇವೆ.